‘ಔಷಧ ಅಲ್ಲ, ಬರೀ ಪಟ್ಟಿ’: ಮೇಷ್ಟ್ರ ಪಾರ್ಕಿನ್ಸನ್ ಪ್ರಕರಣ

ನಾನು ಇಂಗ್ಲೆಂಡಿನ ಒಂದು ಮಧ್ಯಮ ಗಾತ್ರದ ಊರಿನಲ್ಲಿ ಫಾರ್ಮಸಿಸ್ಟ್. ನಮ್ಮ ಅಂಗಡಿಗೆ ಬರುವ ಕನ್ನಡದ ಮನೆಗಳು ನಾಲ್ಕೈದು ಇರಬಹುದು. ಅದರಲ್ಲಿ ಒಂದು ಮನೆಯ ಕಥೆ ಇದು. ಬರೆಯೋಕೆ ಅವರ ಒಪ್ಪಿಗೆ ಇದೆ. ವಯಸ್ಸು, ಊರು, ಕುಟುಂಬದ ವಿವರ ಬದಲಾಯಿಸಿದ್ದೇನೆ. ‘ಮೇಷ್ಟ್ರು’ ಅನ್ನೋದೂ ನಾನು ಇಟ್ಟ ಹೆಸರೇ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನ ಬದಲಾಯಿಸಿಲ್ಲ.

ಮೇಷ್ಟ್ರಿಗೆ 71. ಹೆಂಡತಿ ಜೊತೆ ಮಗನ ಮನೆಯಲ್ಲಿದ್ದಾರೆ. ಆ ಹೆಂಡತಿಯನ್ನ ನಾನು ಕರೆಯೋದು ‘ಅಮ್ಮ’ ಅಂತ, ಇಲ್ಲೂ ಹಾಗೇ ಬರೆದಿದ್ದೇನೆ. ಪಾರ್ಕಿನ್ಸನ್ ಬಂದು ಆರು ವರ್ಷ. ಮೆದುಳಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಕಡಿಮೆಯಾಗಿ ಮೈ ಬಿಗಿಯಾಗುವ, ನಿಧಾನ ಆಗುವ ಕಾಯಿಲೆ ಅದು. ಆ ಕೊರತೆ ತುಂಬುವ ಲೆವೊಡೋಪ ಮಾತ್ರೆ ದಿನಕ್ಕೆ ನಾಲ್ಕು ಸಲ. ಹಗಲು ಹೇಗೋ ನಡೆಯುತ್ತಿತ್ತು, ಕಷ್ಟವೆಲ್ಲ ರಾತ್ರಿ ಮತ್ತು ಬೆಳಗ್ಗೆ. ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸೋಕೆ ಆಗುತ್ತಿರಲಿಲ್ಲ. ಬೆಳಗಿನ ಜಾವಕ್ಕೆ ಮೈ ಮರದ ಕೊರಡು. ಮೊದಲ ಮಾತ್ರೆ ನುಂಗಿದ ಮೇಲೂ ಒಂದು ಗಂಟೆ ಮಂಚದ ಅಂಚಲ್ಲಿ ಕೂತಿರಬೇಕು. ಈ ಕಾಯಿಲೆಯಲ್ಲಿ ಹೊಟ್ಟೆಯೂ ನಿಧಾನ ಆಗುತ್ತೆ. ನುಂಗಿದ ಮಾತ್ರೆ ಜಠರದಲ್ಲೇ ಕೂತು, ಕರುಳಿಗೆ ತಡವಾಗಿ ಇಳಿಯುತ್ತೆ.

ಅದಕ್ಕೇ ನರರೋಗ ವೈದ್ಯರು ರೊಟಿಗೊಟಿನ್ ಅನ್ನೋ ಔಷಧದ ಪಟ್ಟಿ, ಅಂದರೆ ಪ್ಯಾಚ್, ಬರೆದುಕೊಟ್ಟರು. ನ್ಯೂಪ್ರೊ ಅನ್ನೋ ಹೆಸರಲ್ಲಿ ಬರುತ್ತೆ. ಚರ್ಮಕ್ಕೆ ಅಂಟಿಸೋದು, 24 ಗಂಟೆಗೆ ಒಂದು. ಇದು ಡೋಪಮಿನ್ ಅಲ್ಲ. ಮೆದುಳಲ್ಲಿ ಡೋಪಮಿನ್ ಕೂರಬೇಕಾದ ಜಾಗದಲ್ಲಿ ಕೂತು ಅದರ ಕೆಲಸ ಮಾಡುತ್ತೆ, ಅಷ್ಟೇ. ಹೊಟ್ಟೆಯ ಗೊಡವೆ ಇಲ್ಲ, ಊಟದ ಹೊತ್ತಿನ ಲೆಕ್ಕ ಇಲ್ಲ, ರಾತ್ರಿ ಮಲಗಿದಾಗಲೂ ಹನಿಹನಿಯಾಗಿ ಒಳಗೆ ಹೋಗುತ್ತಾ ಇರುತ್ತೆ. ಯುರೋಪಿನಲ್ಲಿ 2006ರಿಂದ ಇದೆ. ಮೊದಮೊದಲು ಪಟ್ಟಿಯ ಒಳಗೆ ಹಿಮದ ಹರಳಿನ ಹಾಗೆ ಔಷಧ ಗಟ್ಟಿಯಾಗುತ್ತಿದ್ದ ಕಾರಣ 2008ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ತಯಾರಿಸುವ ವಿಧಾನ ಬದಲಾಯಿಸಿ 2012ರಲ್ಲಿ ಮತ್ತೆ ಬಿಟ್ಟರು. ಹಳೆಯ ರೋಗಿಗಳು ಕೆಲವರು ಇವತ್ತಿಗೂ ಡಬ್ಬವನ್ನ ಫ್ರಿಜ್ಜಲ್ಲಿ ಇಡೋದು ಆ ಕಾಲದ ಅಭ್ಯಾಸ. ಈಗ ಫ್ರಿಜ್ ಬೇಕಿಲ್ಲ, 30 ಡಿಗ್ರಿ ದಾಟದ ಜಾಗ ಸಾಕು.

ವಯಸ್ಸು ನೋಡಿ 2 ಮಿ.ಗ್ರಾಂ.ನಿಂದ ಶುರು ಮಾಡಿ, ವಾರಕ್ಕೆ 2ರಂತೆ ಏರಿಸಿ 6ಕ್ಕೆ ನಿಲ್ಲಿಸೋದು ಅಂತ ಯೋಜನೆ. ಡಬ್ಬ ಕೊಡುವಾಗ ಎಲ್ಲ ಹೇಳಿದೆ. ಎಲ್ಲ ಅಂದರೆ, ವಾಕರಿಕೆ ಬರಬಹುದು, ಜಾಸ್ತಿ ನಿದ್ದೆ ಬರಬಹುದು, ಎದ್ದಾಗ ತಲೆ ಸುತ್ತಬಹುದು, ಒಂದೇ ಜಾಗಕ್ಕೆ 14 ದಿನದೊಳಗೆ ಮತ್ತೆ ಅಂಟಿಸಬಾರದು. ಅಮ್ಮ ತಲೆಯಾಡಿಸಿದರು. ಆಮೇಲೆ ಮಗನ ಕಡೆ ತಿರುಗಿ, “ಸದ್ಯ, ಇನ್ನೊಂದು ಮಾತ್ರೆ ಅಲ್ವಲ್ಲ, ಬರೀ ಪಟ್ಟಿ” ಅಂದರು. ಆ ಮಾತನ್ನ ನಾನು ಅಲ್ಲೇ ಹಿಡಿಯಬೇಕಿತ್ತು.

ಬೆನ್ನುನೋವು

ಮುಂದಿನ ಅರ್ಧ ತಾಪತ್ರಯಕ್ಕೆ ಕಾರಣ ಪಾರ್ಕಿನ್ಸನ್ ಅಲ್ಲ, ಬೆನ್ನುನೋವು.

ಮೇಷ್ಟ್ರಿಗೆ ಸೊಂಟದ ನೋವು ಹಳೆಯದು. ನಮ್ಮವರ ಮನೆಯಲ್ಲಿ ಬೆನ್ನು ನೋವು ಅಂದರೆ ಏನು ಮಾಡ್ತಾರೆ? ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಬಿಸಿನೀರಿನ ಬ್ಯಾಗ್ ಇಡುತ್ತಾರೆ. ಅಮ್ಮ ಎರಡನ್ನೂ ದಿನಾ ಮಾಡುತ್ತಿದ್ದರು. ಇಲ್ಲಿನ ಚಳಿಗೆ ಚರ್ಮ ಒಡೆಯುತ್ತೆ ಅಂತ ಮೈಗೆಲ್ಲ ಕೊಬ್ಬರಿ ಎಣ್ಣೆ ಬೇರೆ. ಎಣ್ಣೆ ಮೈಗೆ ಪಟ್ಟಿ ಎಲ್ಲಿ ನಿಲ್ಲುತ್ತೆ? ಮಧ್ಯಾಹ್ನದ ಹೊತ್ತಿಗೆ ಅಂಚು ಏಳೋದು, ಸಂಜೆಗೆ ಬನಿಯನ್‌ಗೆ ಅಂಟಿಕೊಂಡಿರೋದು, ಇಲ್ಲವೇ ಬೆಳಗ್ಗೆ ಹಾಸಿಗೆಯ ಮಡಿಕೆಯಲ್ಲಿ ಸಿಗೋದು. ಬಿದ್ದರೆ ಅಮ್ಮ ಇನ್ನೊಂದು ಅಂಟಿಸುವರು. ಅದು ತಪ್ಪಲ್ಲ. ಬಿದ್ದಾಗ ಹೊಸದನ್ನ ಹಾಕಿ, ಮರುದಿನ ಮಾಮೂಲಿ ಹೊತ್ತಿಗೆ ಬದಲಾಯಿಸಿ ಅಂತಲೇ ಸೂಚನೆ ಇರೋದು. ಆದರೆ ಬಿದ್ದಿದೆಯೋ ಇಲ್ಲವೋ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕಲ್ಲ.

6 ಮಿ.ಗ್ರಾಂ.ಗೆ ಬಂದು ಮೂರನೇ ವಾರ. ಮಗ ಫೋನ್ ಮಾಡಿದರು. ಅಪ್ಪ ಕಾಫಿ ಲೋಟ ಹಿಡಿದುಕೊಂಡೇ ನಿದ್ದೆ ಹೋಗ್ತಾರೆ, ನಿನ್ನೆ ಬಚ್ಚಲಿಗೆ ಹೋಗುವಾಗ ತಲೆ ಸುತ್ತಿ ಗೋಡೆ ಹಿಡಿದರು, ಪಟ್ಟಿ ಇವರಿಗೆ ಆಗಿಬರ್ತಿಲ್ಲ ಅನ್ಸುತ್ತೆ, ನಿಲ್ಲಿಸಿಬಿಡೋಣವಾ ಅಂತ. ನಿಲ್ಲಿಸಬೇಡಿ, ಕರೆದುಕೊಂಡು ಬನ್ನಿ, ಬರುವಾಗ ಡಬ್ಬ ತನ್ನಿ ಅಂದೆ.

ಡಬ್ಬ ತನ್ನಿ ಅಂದಿದ್ದೇ ಒಳ್ಳೆಯದಾಯಿತು. 28ರ ಡಬ್ಬ, ಶುರು ಮಾಡಿ 17 ದಿನ. 11 ಉಳಿದಿರಬೇಕು. ಎಣಿಸಿದರೆ 6. ಐದು ಎಲ್ಲಿ ಹೋದವು ಅಂತ ಕೇಳಿದರೆ ಅಮ್ಮ, “ಬಿದ್ದು ಹೋಗುತ್ತೆ ಕಣಮ್ಮಾ, ಏನ್ ಮಾಡ್ಲಿ” ಅಂದರು. ಬಿದ್ದಿದ್ದನ್ನೆಲ್ಲ ನೀವೇ ಕಣ್ಣಾರೆ ನೋಡಿದ್ರಾ ಅಂತ ಕೇಳಿದೆ. ಸುಮ್ಮನಾದರು.

ಒಳಗಿನ ಪುಟ್ಟ ಕೋಣೆಗೆ ಕರೆದುಕೊಂಡು ಹೋಗಿ ಬಿಪಿ ನೋಡಿದೆ. ಕೂತಾಗ 132/78. ಎದ್ದು ಮೂರು ನಿಮಿಷ ನಿಂತ ಮೇಲೆ 98/60. ಮೇಷ್ಟ್ರು ಸಂಕೋಚದ ಮನುಷ್ಯ, ನನ್ನೆದುರು ಅಂಗಿ ಬಿಚ್ಚಲು ಒಪ್ಪಲಿಲ್ಲ. ನಾನು ಹೊರಗೆ ನಿಂತೆ, ಮಗ ಒಳಗೆ ನೋಡಿದರು. ತೋಳಿನ ಮೇಲೆ ಒಂದು ಪಟ್ಟಿ. ಎಡ ಸೊಂಟದ ಪಕ್ಕ, ಪ್ಯಾಂಟಿನ ಅಂಚಿನ ಕೆಳಗೆ, ಇನ್ನೊಂದು. ಶನಿವಾರ ಮಗನೇ ಅಂಟಿಸಿದ್ದು. ಭಾನುವಾರ ಅಮ್ಮ ಹೊಟ್ಟೆ, ತೋಳು ನೋಡಿ, ಕಾಣಲಿಲ್ಲ, ಬಿದ್ದಿರಬೇಕು ಅಂದುಕೊಂಡು ಹೊಸದು ಹಾಕಿದ್ದರು. ಆ ಸೊಂಟದ ಪಟ್ಟಿಯ ಮೇಲೇ ದಿನಾ ರಾತ್ರಿ ಬಿಸಿನೀರಿನ ಬ್ಯಾಗ್.

ಇಲ್ಲಿ ಎರಡು ವಿಷಯ ಗೊತ್ತಿರಬೇಕು. ಒಂದು, ದಿನ ಮುಗಿದ ಪಟ್ಟಿ ಖಾಲಿ ಪಟ್ಟಿ ಅಲ್ಲ. 6 ಮಿ.ಗ್ರಾಂ. ಅಂತ ಬರೆದಿರುವ ಪಟ್ಟಿಯಲ್ಲಿ ನಿಜಕ್ಕೂ 13.5 ಮಿ.ಗ್ರಾಂ. ಔಷಧ ಇರುತ್ತೆ, 24 ಗಂಟೆಯಲ್ಲಿ ಅದರ ಅರ್ಧವೂ ಖಾಲಿ ಆಗಲ್ಲ. ಇನ್ನೊಂದು, ಬಿಸಿ ತಾಗಿದರೆ ಔಷಧ ಚರ್ಮದೊಳಗೆ ಜೋರಾಗಿ ಇಳಿಯುತ್ತೆ. ಬಿಸಿನೀರಿನ ಬ್ಯಾಗ್, ವಿದ್ಯುತ್ ಕಂಬಳಿ, ಸೌನಾ, ನೆತ್ತಿ ಸುಡುವ ಬಿಸಿಲು, ಎಲ್ಲಾ ಒಂದೇ. ಪಟ್ಟಿ ಮೇಷ್ಟ್ರಿಗೆ ಆಗಿಬರದೆ ಇರಲಿಲ್ಲ. ಅವರಿಗೆ ಸೇರುತ್ತಿದ್ದ ಪ್ರಮಾಣ ಎಷ್ಟು ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಪಾರ್ಕಿನ್ಸನ್ ರೋಗಿಗಳನ್ನ ನೋಡಿಕೊಳ್ಳುವ ನರ್ಸಿಗೆ ಅಲ್ಲಿಂದಲೇ ಫೋನ್ ಮಾಡಿದೆವು. ಸೊಂಟದ್ದನ್ನ ತೆಗೆದು, ತೋಳಿನದು ಹಾಗೇ ಇರಲಿ, ಇವತ್ತು ಅವರನ್ನ ಒಬ್ಬರೇ ಓಡಾಡೋಕೆ ಬಿಡಬೇಡಿ ಅಂದರು. ಕಾರು ಓಡಿಸೋದು ಅವತ್ತಿಗೆ ನಿಂತಿತು. ಮೂರು ದಿನಕ್ಕೆ ನಿದ್ದೆ, ತಲೆಸುತ್ತು ಎರಡೂ ಇಳಿದವು.

ತೆಗೆದ ಪಟ್ಟಿಯನ್ನ ಮನೆಯಲ್ಲಿ ಏನು ಮಾಡ್ತೀರಿ ಅಂತ ಕೇಳಿದಾಗ ಇನ್ನೊಂದು ಹೊರಬಿತ್ತು. ಕೋಣೆಯ ಕಸದ ಬುಟ್ಟಿಗೆ. ಮೂರು ವರ್ಷದ ಮೊಮ್ಮಗಳು ಅಲ್ಲಿಂದ ಒಂದನ್ನ ಎತ್ತಿ ಗೊಂಬೆಯ ಹಣೆಗೆ ಅಂಟಿಸಿದ್ದಳಂತೆ, ಗೊಂಬೆಗೆ ಜ್ವರ ಅಂತ. ಎಲ್ಲರೂ ನಕ್ಕಿದ್ದರು. ಫೋಟೊ ಬೇರೆ ತೋರಿಸಿದರು. ನನಗೆ ನಗು ಬರಲಿಲ್ಲ. ಆ ಹುಡುಗಿ ಅದನ್ನ ತನ್ನ ಕೈಗೇ ಅಂಟಿಸಿಕೊಂಡಿದ್ದರೆ?

ಆಮೇಲೆ ಅಮ್ಮನೇ ಒಂದು ಪದ್ಧತಿ ಮಾಡಿಕೊಂಡರು. ನಾನು ಹೇಳಿದ್ದು ಅರ್ಧ, ಅವರು ಕಂಡುಕೊಂಡಿದ್ದು ಅರ್ಧ. ಮೇಷ್ಟ್ರು ಒಂದು ಹಾಳೆಯಲ್ಲಿ ಮನುಷ್ಯನ ಆಕಾರ ಬರೆದು, ಹೊಟ್ಟೆ, ತೊಡೆ, ಸೊಂಟ, ಪಕ್ಕೆ, ಭುಜ, ಮೇಲ್ತೋಳು ಅಂತ ಎಡ ಬಲ ಸೇರಿಸಿ, ಹೊಟ್ಟೆಯನ್ನ ಮೇಲೆ ಕೆಳಗೆ ಅಂತಲೂ ಭಾಗ ಮಾಡಿ, 14 ಮನೆ ಮಾಡಿದರು. ಹಾಳೆ ಕ್ಯಾಲೆಂಡರ್ ಪಕ್ಕ ತೂಗುಬಿತ್ತು. ಬೆಳಗ್ಗೆ ಸ್ನಾನ, ಮೈ ಪೂರ್ತಿ ಒಣಗಿಸೋದು, ಹಳೆಯದನ್ನ ತೆಗೆದು ಅಂಟು ಒಳಗೆ ಬರುವಂತೆ ಮಡಚೋದು, ಆಮೇಲೇ ಹೊಸದರ ಪೊಟ್ಟಣ ಒಡೆಯೋದು. ಹಳೆಯದು ಕೈಗೆ ಸಿಗದೆ ಹೊಸದು ಹಾಕುವ ಹಾಗಿಲ್ಲ. ಅಂಟಿಸಿ ಅಂಗೈಯಲ್ಲಿ 30 ಸೆಕೆಂಡ್ ಒತ್ತಿ ಹಿಡಿಯಬೇಕು. ಅಮ್ಮ ಗಡಿಯಾರ ನೋಡಲ್ಲ, ಒಂದು ಶ್ಲೋಕ ಹೇಳಿ ಮುಗಿಸ್ತಾರೆ. ಆಮೇಲೆ ಕೈ ತೊಳೆದು ಕಾಫಿ. ಅಂಚು ಎದ್ದರೆ ಮೇಲೊಂದು ಬ್ಯಾಂಡೇಜ್ ಟೇಪು. ಎಣ್ಣೆ ಪೂರ್ತಿ ಬಿಡಿ ಅಂದರೆ ಅಮ್ಮ ಕೇಳುವವರಲ್ಲ, ಅದಕ್ಕೆ ಇವತ್ತಿನ ಮನೆ, ನಾಳೆಯ ಮನೆ ಎರಡಕ್ಕೂ ಎಣ್ಣೆ ಬೇಡ ಅಂತ ಒಪ್ಪಂದ. ತಮಾಷೆ ಅಂದರೆ, ಪಟ್ಟಿ ತೆಗೆದ ಮೇಲೆ ಉಳಿಯುವ ಅಂಟನ್ನ ಬಿಡಿಸೋಕೆ ಎಣ್ಣೆಯೇ ಸರಿ. ಬೇಬಿ ಆಯಿಲ್ ಎರಡು ಹನಿ ಸಾಕು. ಸ್ಪಿರಿಟ್ ಹಾಕಿ ಉಜ್ಜಿದರೆ ಚರ್ಮ ಉರಿದು ಕೆಂಪಾಗುತ್ತೆ.

ಅದೇ ಬೆನ್ನುನೋವಿಗೆ ಎಂಆರ್‌ಐ ಮಾಡಿಸಿದರು. ಮೈಮೇಲೆ ಲೋಹ ಇದೆಯಾ ಅಂತ ಕೇಳಿದ್ದಕ್ಕೆ ಮೇಷ್ಟ್ರು ಉಂಗುರ ತೆಗೆದಿದ್ದೀನಿ, ಉಡಿದಾರ ತೆಗೆದಿದ್ದೀನಿ, ಏನೂ ಇಲ್ಲ ಅಂದರಂತೆ. ಈ ಪಟ್ಟಿಯ ಹಿಂಬದಿಯ ಪದರದಲ್ಲಿ ಅಲ್ಯೂಮಿನಿಯಂ ಇದೆ. ಯಂತ್ರದೊಳಗೆ ಕಾದು ಚರ್ಮ ಸುಡಬಹುದು. ಗೌನ್ ಹಾಕಿಸುವಾಗ ಅಲ್ಲಿದ್ದವರ ಕಣ್ಣಿಗೆ ಬಿತ್ತು, ತೆಗೆಸಿದರು. ಇಲ್ಲೂ ಅದೇ ನೋಡಿ, ಅವರ ಲೆಕ್ಕದಲ್ಲಿ ಪಟ್ಟಿ ಅನ್ನೋದು ಎಲ್ಲೂ ಇರಲಿಲ್ಲ. ಔಷಧ ಏನೇನು ತಗೋತೀರಿ ಅಂತ ಯಾರಾದರೂ ಕೇಳಿದರೆ ಮಾತ್ರೆ ಡಬ್ಬಿ ತೆಗೆದು ತೋರಿಸುವರು, ಅಷ್ಟೇ.

ಒಳ್ಳೆಯ ಎರಡು ತಿಂಗಳು

ಪ್ರಮಾಣ ಸರಿಯಾಗಿ ಸೇರತೊಡಗಿದ ಮೇಲೆ ಮೇಷ್ಟ್ರು ಬೇರೆಯೇ ಮನುಷ್ಯ ಆದರು. ರಾತ್ರಿ ತಾವೇ ಮಗ್ಗುಲು ಬದಲಿಸುತ್ತಿದ್ದರು. ಬೆಳಗ್ಗೆ ಆರಕ್ಕೆ ಎದ್ದು, ತಾವೇ ಫಿಲ್ಟರಿಗೆ ಪುಡಿ ಹಾಕಿ ಡಿಕಾಕ್ಷನ್ ಇಳಿಸಿ, ಹೆಂಡತಿಗೆ ಲೋಟ ಹಿಡಿದುಕೊಂಡು ಹೋಗಿ ಕೊಡುತ್ತಿದ್ದರು. “ಮದುವೆಯಾಗಿ ನಲವತ್ತಾರು ವರ್ಷದಲ್ಲಿ ಇದು ಮೊದಲನೇ ಸಲ” ಅಂತ ಅಮ್ಮ ನನ್ನ ಹತ್ತಿರ ಬಂದು ಹೇಳಿದರು. ಸಂಜೆಯ ಬಿಗಿತ ಇನ್ನೂ ಇದೆ ಅಂತ ವೈದ್ಯರು 8ಕ್ಕೆ ಏರಿಸಿದರು.

ಕೋಟಿನ ಜೇಬು

ನನ್ನ ತಪ್ಪಿನ ವಿಷಯ ಈಗ ಬರುತ್ತೆ.

ಡೋಪಮಿನ್ ಹಾಗೆ ಕೆಲಸ ಮಾಡುವ ಎಲ್ಲ ಔಷಧಗಳಿಗೂ ಒಂದು ಗುಣ ಇದೆ. ಕೆಲವರಲ್ಲಿ ಆಸೆಯ ಕಡಿವಾಣ ಸಡಿಲ ಆಗುತ್ತೆ. ಜೂಜು, ಸುಮ್ಮಸುಮ್ಮನೆ ಖರೀದಿ, ತಿನ್ನೋದು, ಕಾಮ, ಯಾವುದಾದರೂ ಆಗಬಹುದು. ಮೊದಲೇ ಆ ಚಟ ಇದ್ದವರಿಗೇ ಬರಬೇಕು ಅಂತಿಲ್ಲ. ಇದನ್ನ ಮೊದಲ ದಿನವೇ ಬಿಡಿಸಿ ಹೇಳಬೇಕು. ನಾನು ಏನು ಮಾಡಿದೆ? ಎದುರಿಗೆ ಹಿರಿಯರು, ಪಂಚೆ ಉಟ್ಟು ಶಾಲು ಹೊದ್ದು ಬಂದಿದ್ದಾರೆ, ಪಕ್ಕದಲ್ಲಿ ಹೆಂಡತಿ, ಮಗ. “ಸ್ವಭಾವದಲ್ಲಿ ಏನಾದರೂ ಬದಲಾವಣೆ ಕಂಡರೆ ಹೇಳಿ” ಅಂತ ನಾಲಿಗೆ ತುದಿಯಲ್ಲೇ ದಾಟಿಸಿಬಿಟ್ಟೆ. ಇಂಗ್ಲಿಷಿನವರ ಜೊತೆ ಇಂಗ್ಲಿಷಲ್ಲಿ ಇದೇ ಮಾತನ್ನ ಕಣ್ಣು ಮಿಟುಕಿಸದೆ ಹೇಳ್ತೀನಿ. ಕನ್ನಡದಲ್ಲಿ, ಅಪ್ಪನ ವಯಸ್ಸಿನವರ ಹತ್ತಿರ, ಬಾಯಿ ಬರಲಿಲ್ಲ.

ನಮ್ಮ ಅಂಗಡಿಯ ಪಕ್ಕದಲ್ಲೇ ಒಂದು ಚಿಲ್ಲರೆ ಅಂಗಡಿ. ಅಲ್ಲಿ ಉಜ್ಜಿ ನೋಡುವ ಲಾಟರಿ ಕಾರ್ಡು ಮಾರುತ್ತಾರೆ. ಮೇಷ್ಟ್ರು ವಾಕಿಂಗ್ ಅಂತ ದಿನಾ ಆ ಕಡೆ ಬರುತ್ತಿದ್ದರು. ನನ್ನ ಕಿಟಕಿ ಮುಂದೆಯೇ ಹಾದುಹೋಗಿ ಕೈ ಬೀಸುವರು. ನಡಿಗೆ ಎಷ್ಟು ಚೆನ್ನಾಗಿದೆ ನೋಡಿ ಅಂತ ನಾನು ಖುಷಿ ಪಟ್ಟಿದ್ದೆ!

ಅಮ್ಮ ಕೋಟು ಒಗೆಯೋಕೆ ಹಾಕುವ ಮುಂಚೆ ಜೇಬಿಗೆ ಕೈ ಹಾಕಿದರು. ಉಜ್ಜಿದ ಕಾರ್ಡಿನ ಕಟ್ಟು, ಮೇಲೆ ಬೆಳ್ಳಿ ಬಣ್ಣದ ಪುಡಿ. ಒಳಜೇಬಿನಲ್ಲಿ ಇನ್ನೊಂದು ಕಟ್ಟು. ಎಲ್ಲಾ ಐದೈದು ಪೌಂಡಿನವು. ಬ್ಯಾಂಕಿನ ಪುಸ್ತಕ ನೋಡಿದರೆ ಏಳು ವಾರದಲ್ಲಿ ಸಾವಿರದ ಮೇಲೆ ಹೋಗಿತ್ತು. ಇಸ್ಪೀಟು ಎಲೆ ಮುಟ್ಟದ ಮನುಷ್ಯ. ಮನೆಯಲ್ಲಿ ದೊಡ್ಡ ಗಲಾಟೆ. ಮಗ ಎಲ್ಲೋ ಪಟ್ಟಿಯಿಂದ ಹೀಗಾಗಬಹುದು ಅಂತ ಓದಿ ಹೇಳಿದ್ದೇ ತಡ, ಅಮ್ಮ ರಾತ್ರಿ ಏಳಕ್ಕೆ ಗಂಡನ ತೊಡೆಯಿಂದ ಪಟ್ಟಿ ಕಿತ್ತು, ಡಬ್ಬವನ್ನ ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟರು.

ಪಟ್ಟಿ ತೆಗೆದ ಮೇಲೆ ರಕ್ತದಲ್ಲಿರುವ ಔಷಧ ಐದರಿಂದ ಏಳು ಗಂಟೆಗೆ ಅರ್ಧ ಆಗುತ್ತೆ. ಲೆಕ್ಕ ಹಾಕಿ. ಬೆಳಗ್ಗೆ ಒಂಬತ್ತಕ್ಕೆ ಅಂಗಡಿ ಬಾಗಿಲು ತೆಗೆಯುವಾಗ ಅಮ್ಮನ ಫೋನ್. ಗಲಾಟೆ ಮಾಡಿದವರ ದನಿ ಅಲ್ಲ ಅದು. “ಇವರು ಏಳ್ತಾನೇ ಇಲ್ಲ ಕಣಮ್ಮಾ. ಮೈಯೆಲ್ಲ ಬೆವರು. ಮಾತು ಗೊಣಗೊಣ ಅಂತಿದೆ.” ಜ್ವರ ಇದೆಯಾ ನೋಡಿ ಅಂದೆ. ಇರಲಿಲ್ಲ. ಮಗನನ್ನ ಗುರುತು ಹಿಡಿದರಾ? ಹಿಡಿದರು. ಆ ಎರಡು ಪ್ರಶ್ನೆ ಮುಖ್ಯ. ಈ ಔಷಧವನ್ನ ಏಕಾಏಕಿ ನಿಲ್ಲಿಸಿದಾಗ ಬಿಗಿತದ ಜೊತೆ ಜೋರು ಜ್ವರ, ಗೊಂದಲ ಬಂದರೆ ಅದು ಪ್ರಾಣಕ್ಕೇ ಅಪಾಯ, ಆಂಬುಲೆನ್ಸ್ ಕರೆಯಬೇಕು. ಜ್ವರ ಇಲ್ಲದ ಕಾರಣ ನರ್ಸಿಗೆ ಫೋನ್ ಮಾಡಿದೆ, ಅವರು ವೈದ್ಯರನ್ನ ಹಿಡಿದರು. ಈಗಲೇ 6 ಮಿ.ಗ್ರಾಂ. ಪಟ್ಟಿ ಹಾಕಿ, ಎರಡು ದಿನಕ್ಕೊಮ್ಮೆ 2 ಇಳಿಸಿ ಅಂತ ಬಂತು. ಹಾಕಿದ ತಕ್ಷಣ ಏನೂ ಆಗಲ್ಲ, ಚರ್ಮ ದಾಟಿ ರಕ್ತಕ್ಕೆ ಬರೋಕೇ ಎರಡು ಮೂರು ಗಂಟೆ ಬೇಕು. ಸಂಜೆಗೆ ಎದ್ದು ಕೂತರು.

ಮಾರನೇ ವಾರ ಮೇಷ್ಟ್ರು ಒಬ್ಬರೇ ಅಂಗಡಿಗೆ ಬಂದರು. ನಾನು ಮೊದಲು ಕ್ಷಮೆ ಕೇಳಿದೆ, ಹೇಳಬೇಕಾಗಿದ್ದನ್ನ ಹೇಳಲಿಲ್ಲ ಅಂತ. ಅವರು ತುಂಬಾ ಹೊತ್ತು ಕೈ ನೋಡಿಕೊಂಡು ಕೂತಿದ್ದರು.

“ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನಮ್ಮಾ. ಲಾಟರೀಲಿ ಯಾರು ಗೆಲ್ತಾರೆ ಅಂತ ನಂಗೆ ಗೊತ್ತಿಲ್ವಾ? ಗೊತ್ತಿದ್ದೂ ಕಾಲು ಅಲ್ಲಿಗೇ ಹೋಗೋದು. ನಡೆಯೋಕೆ ಬರ್ತಿತ್ತಲ್ಲ, ಹೋಗೋದು.”

ಚಟ ಅಂತ ಮನೆಯವರು ಅಂದುಕೊಂಡರು, ಮುಪ್ಪಿಗೆ ಬುದ್ಧಿ ಕೆಟ್ಟಿತು ಅಂತ ಅವರೇ ಅಂದುಕೊಂಡಿದ್ದರು. ಮಗ ಓದಿ ಹೇಳುವವರೆಗೆ ಪಟ್ಟಿಯ ಕಡೆ ಯಾರೂ ಬೆರಳು ತೋರಿಸಿರಲಿಲ್ಲ. ನಾನು ಮೊದಲ ದಿನ ಜೂಜು ಅನ್ನೋ ಒಂದು ಪದ ಬಾಯಿಬಿಟ್ಟು ಹೇಳಿದ್ದರೆ ಮೊದಲ ಕಾರ್ಡಿಗೇ ಗೊತ್ತಾಗುತ್ತಿತ್ತೋ ಏನೋ. ಈಗ ನಾನು ಎಲ್ಲರಿಗೂ, ಎಷ್ಟೇ ಹಿರಿಯರಿರಲಿ, ನೇರವಾಗಿ ಕೇಳ್ತೀನಿ: ದುಡ್ಡು ಜಾಸ್ತಿ ಖರ್ಚಾಗ್ತಿದೆಯಾ, ಲಾಟರಿ, ಆನ್‌ಲೈನ್ ಆಟ, ರಾತ್ರಿ ತಿಂಡಿ, ಹೆಂಡತಿಗೆ ಮುಜುಗರ ಆಗುವಂಥದ್ದು ಏನಾದರೂ? ಹೆಂಡತಿಯನ್ನ ಬೇರೆಯಾಗಿ ಕೂರಿಸಿ ಇನ್ನೊಂದು ಸಲ ಕೇಳ್ತೀನಿ. ಯಾರೂ ಇದುವರೆಗೆ ಬೈದಿಲ್ಲ.

ಎಲ್ಲಿಗೆ ಬಂದು ನಿಂತಿತು

ವೈದ್ಯರಿಗೆ ಪೂರ್ತಿ ನಿಲ್ಲಿಸುವ ಮನಸ್ಸಿತ್ತು. ಮೇಷ್ಟ್ರು 2 ಆದರೂ ಇರಲಿ ಅಂತ ಬೇಡಿಕೊಂಡರು. ಅಮ್ಮ ಬೇಡವೇ ಬೇಡ ಅಂದರು. ಕೊನೆಗೆ ಆರು ವಾರ 2ರಲ್ಲಿ ಇಟ್ಟು ನೋಡೋಣ, ಬ್ಯಾಂಕಿನ ಕಾರ್ಡು ಮಗನ ಹತ್ತಿರ ಇರಲಿ, ಮತ್ತೆ ಆಸೆ ತಲೆಯೆತ್ತಿದರೆ ನಿಧಾನಕ್ಕೆ ತೆಗೆದುಬಿಡೋದು ಅಂತ ಆಯಿತು. ಇಳಿಸಿದ ಮೊದಲ ಹದಿನೈದು ದಿನ ಕೆಟ್ಟದಾಗಿತ್ತು. ಸುಮ್ಮನೆ ಕಳವಳ, ಬೇಸರ, ನಿದ್ದೆ ಇಲ್ಲ. ಈ ಔಷಧ ಇಳಿಸುವಾಗ ಹಾಗಾಗೋದುಂಟು ಅಂತ ನರ್ಸ್ ಮುಂಚೆಯೇ ಹೇಳಿದ್ದರಿಂದ ಮನೆಯವರು ತಡೆದುಕೊಂಡರು. ಮೂರನೇ ವಾರಕ್ಕೆ ಲಾಟರಿ ಅಂಗಡಿ ಮುಂದೆ ಹಾದುಹೋದರೂ ಏನೂ ಅನ್ನಿಸ್ತಿಲ್ಲ ಅಂದರು. ರಾತ್ರಿಗೆ ನಿಧಾನವಾಗಿ ಕರಗುವ ಲೆವೊಡೋಪ ಮಾತ್ರೆಯೊಂದು ಸೇರಿತು. ಬೆಳಗಿನ ಬಿಗಿತ ಅರ್ಧ ವಾಪಸ್ ಬಂದಿದೆ. ಡಿಕಾಕ್ಷನ್ ಈಗ ಮತ್ತೆ ಅಮ್ಮನೇ ಇಳಿಸೋದು.

ನಡುವೆ ಮೈಸೂರಿಗೆ ಮದುವೆಗೆ ಹೋಗಿ ಬಂದರು. ಹೋಗುವ ಮುಂಚೆ ನರ್ಸ್ ಒಂದು ಪತ್ರ ಬರೆದುಕೊಟ್ಟರು. ಮೊದಲ ಸಾಲಲ್ಲೇ ಪಟ್ಟಿ, ಆಮೇಲೆ ಮಾತ್ರೆಗಳು, ಕೊನೆಗೆ ದಪ್ಪಕ್ಷರದಲ್ಲಿ ಕೊಡಬಾರದ ಔಷಧಗಳು. ಮದುವೆ ಊಟ ಆಗದೆ ವಾಂತಿ ಶುರುವಾಯಿತು. ಕ್ಲಿನಿಕ್ಕಿನಲ್ಲಿ ವಾಂತಿಗೆ ಅಂತ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ ಸಿರಿಂಜಿಗೆ ಎಳೆದಿದ್ದರಂತೆ. ಅದು ಮೆದುಳಲ್ಲಿ ಡೋಪಮಿನ್ನಿಗೇ ಅಡ್ಡ ಬರುವ ಔಷಧ, ಪಾರ್ಕಿನ್ಸನ್ ಇರುವವರಿಗೆ ಕೊಟ್ಟರೆ ಮೈ ಕಟ್ಟಿಹಾಕಿದ ಹಾಗಾಗುತ್ತೆ. ಅಮ್ಮ ಸೆರಗಿನ ಒಳಗಿಂದ ಪತ್ರ ತೆಗೆದು ಮೇಜಿನ ಮೇಲೆ ಇಟ್ಟರು. ಡಾಕ್ಟರು ಓದಿ, ಸಿರಿಂಜು ಪಕ್ಕಕ್ಕಿಟ್ಟು, ಇಸಿಜಿ ನೋಡಿ ಡಾಂಪೆರಿಡೋನ್ ಕೊಟ್ಟರು. “ಪಟ್ಟೀನೂ ತೋರಿಸಿದೆ, ಇದೂ ಔಷಧಾನೇ ಅಂತ” ಅಂದರು ಅಮ್ಮ, ನನಗೆ ಮೈಸೂರುಪಾಕಿನ ಡಬ್ಬಿ ಕೊಡುತ್ತಾ.

ಮೊನ್ನೆ ಇಬ್ಬರೂ ಬಂದಿದ್ದರು. ನಾನು ಕೇಳುವ ಮುಂಚೆಯೇ ಅಮ್ಮ ಡಬ್ಬವನ್ನ ಕೌಂಟರ್ ಮೇಲೆ ಸುರಿದರು. ಡಬ್ಬ ಒಡೆದು ಒಂಬತ್ತು ದಿನ, 19 ಪೊಟ್ಟಣ, ಸರಿ ಇತ್ತು. ಮೇಷ್ಟ್ರು ಕೋಟಿನ ಎರಡೂ ಜೇಬನ್ನ ಹೊರಗೆಳೆದು ತೋರಿಸಿ ನಕ್ಕರು. ಅಮ್ಮ ನಗಲಿಲ್ಲ. “ಒಳಜೇಬು” ಅಂದರು.